ಕಣಜದ ಬಾಗಿಲು

ಜೂನ್ ೯

ಮರಿ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ವಾಡಿಕೆ. ನಾನು ಕ್ಷೇಮವಾಗಿಲ್ಲ, ಮೈಯೆಲ್ಲ ಉರಿಯುತ್ತಿದೆ. ನಿನ್ನ ಅಮ್ಮ ಕ್ಷೇಮ. ಅವಳ ಹೊಲಿಗೆ ಅಂಗಡಿಯೂ ಕ್ಷೇಮ.

ವಿಷಯ ಇದು. ನಾನು ಪಾಠ ಮಾಡಿ ನಿವೃತ್ತನಾದ ಕಾಲೇಜು ಈ ವರ್ಷದ ಕೊನೆಗೆ ಒಂದು ಸ್ಮರಣ ಸಂಚಿಕೆ ತರುತ್ತಿದೆ. ಅದರಲ್ಲಿ ಹಳೆಯ ಅಧ್ಯಾಪಕರ ಬಗ್ಗೆ ಒಂದು ಲೇಖನ. ಬರೆದವನು ನನ್ನದೇ ಶಿಷ್ಯ, ಈಗ ಅಲ್ಲೇ ಇತಿಹಾಸದ ಪ್ರೊಫೆಸರ್. ಹಿಂದಿನ ಬೆಂಚಿನಲ್ಲಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೊಡೆಯುತ್ತಾನೆ ಎಂದು ಒಬ್ಬನ ಬಗ್ಗೆ ಮನೆಯಲ್ಲಿ ಗೊಣಗುತ್ತಿದ್ದೆನಲ್ಲ, ಅವನೇ. ಸಂಪಾದಕರು ಮರ್ಯಾದೆಗೆ ಅಚ್ಚಿನ ಮೊದಲೇ ನನಗೊಂದು ಪ್ರತಿ ಕಳಿಸಿದ್ದಾರೆ. ನನ್ನ ಪಾಠ ಹೊಗಳಿದ್ದಾನೆ, ದನಿ ಹೊಗಳಿದ್ದಾನೆ, ಹೊಗಳಿ ಹೊಗಳಿ ಕೊನೆಗೆ ಹೀಗೆ ಬರೆದಿದ್ದಾನೆ: 'ಕಣಜದ ಮೇಷ್ಟ್ರು ಎಂದು ಅವರಿಗೆ ಹೆಸರು ತಂದ ಚೀನೀ ಅಧಿಕಾರಿಯ ಕಥೆ ಸೊಗಸಾಗಿದೆ. ಆದರೆ ಅದಕ್ಕೆ ಆಧಾರ ಎಲ್ಲೂ ಕಾಣುವುದಿಲ್ಲ.'

ಆ ಕಥೆ ನಿನಗೆ ಬಾಯಿಪಾಠ. ಬರಗಾಲದ ವರ್ಷ, ಒಳನಾಡಿನ ಒಂದು ನದಿಯ ಊರು. ಸರ್ಕಾರದ ಕಣಜಕ್ಕೆ ಚಕ್ರವರ್ತಿಯ ಮೊಹರು. ಅಪ್ಪಣೆ ಇಲ್ಲದೆ ಮೊಹರು ಒಡೆದರೆ ತಲೆ ಹೋಗುತ್ತದೆ. ಅಪ್ಪಣೆ ಕೇಳಿ ಬರೆದ ಪತ್ರಕ್ಕೆ ಉತ್ತರವಿಲ್ಲ. ಊರಿನ ಅಧಿಕಾರಿ ಮೊಹರು ಒಡೆದ, ಊರಿಗೆಲ್ಲ ಧಾನ್ಯ ಹಂಚಿದ, ಮನೆಗೆ ಹೋಗಿ ದರ್ಬಾರಿನ ನಿಲುವಂಗಿ ತೊಟ್ಟು ಬಂದು ಕಣಜದ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ತಲೆ ಕಡಿಯುವವನಿಗಾಗಿ ಕಾದು ಕೂತ. ಅವನು ಎಷ್ಟು ಅಲುಗದೆ ಕೂತಿದ್ದನೆಂದರೆ ಟೋಪಿಯ ಮೇಲೆ ಒಂದು ಗುಬ್ಬಿ ಬಂದು ಕೂತಿತು. ಹಾಗೆ ಕೂತಲ್ಲೇ ತಲೆ ಕೊಟ್ಟ. ಪ್ರತಿ ವರ್ಷ ಈ ಕಥೆ ಬಂದಾಗ ನಾನು ಮೇಜಿನ ಮುಂದೆ ಕುರ್ಚಿ ಎಳೆದು, ಕೈಗಳನ್ನು ಮಂಡಿಯ ಮೇಲಿಟ್ಟು ಹಾಗೇ ಕೂರುತ್ತಿದ್ದೆ. ಪಕ್ಕದ ತರಗತಿಯವರೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅದಕ್ಕೆ ಆಧಾರವಿಲ್ಲವಂತೆ.

ನೀನಿರುವ ಊರಿನಲ್ಲಿ ಕಾಲೇಜುಗಳಿಗೆ ಬರವಿಲ್ಲ, ಒಂದೊಂದಕ್ಕೂ ಒಂದು ಲೈಬ್ರರಿ ಇದ್ದೇ ಇರುತ್ತದೆ. ಹುಡುಕು. ಚೀನೀ ಲಿಪಿ ನನಗೂ ಬರದು, ನಿನಗೂ ಬರದು, ಇಂಗ್ಲಿಷಿನಲ್ಲಿ ಏನು ಸಿಗುತ್ತದೋ ಅದೇ ಗತಿ. ಆದರೆ ಪಠ್ಯಪುಸ್ತಕ ಬೇಡ. ಕಂಡವರು ಬರೆದದ್ದು ಬೇಕು, ಅಥವಾ ಕಂಡವರ ಬಾಯಿಂದ ಕೇಳಿ ಬರೆದದ್ದು. ಮೂಲ ಆಕರ ಎಂದರೆ ಅದು.

ಬೇಗ ಮಾಡು. ಬಲಗಣ್ಣು ಮಂಜು ಮುಸುಕಿ ಹೋಗಿದೆ, ಎಡಗಣ್ಣೂ ಅದರ ಹಿಂದೆಯೇ ಹೊರಟಿದೆ. ಪೊರೆ ತೆಗೆಸಿ ಎನ್ನುತ್ತಾರೆ ವೈದ್ಯರು. ನಿನ್ನ ದೊಡ್ಡಪ್ಪ ತೆಗೆಸಿಕೊಂಡು ಇದ್ದ ಕಣ್ಣನ್ನೂ ಕಳೆದುಕೊಂಡದ್ದನ್ನು ನೋಡಿದವನು ನಾನು. ನನಗೆ ಆಪರೇಷನ್ ಬೇಡ, ಪುಸ್ತಕ ಬೇಕು.

ಸಿಟ್ಟಿನಲ್ಲಿರುವ
ಅಪ್ಪ


ಜೂನ್ ೨೬

ಅಪ್ಪ,

ನಿಮ್ಮ ಪತ್ರ ಬಂದ ಮರುದಿನವೇ ನಮ್ಮ ಕಾಲೇಜಿನ ಲೈಬ್ರರಿಗೆ ಹೋದೆ. ನಾನು ಕೆಮಿಸ್ಟ್ರಿ ಕಲಿಸುವವಳು. ಅಲ್ಲಿ ನನ್ನ ಪರಿಚಯ ಎರಡು ಕಪಾಟಿನದು ಮಾತ್ರ. ಗ್ರಂಥಪಾಲಕಿ ಕನ್ನಡಕದ ಮೇಲಿಂದ ನೋಡಿ, "ಮೇಡಂ, ದಾರಿ ತಪ್ಪಿ ಬಂದ್ರಾ?" ಅಂದರು. ಚೀನಾದ ಇತಿಹಾಸ ಬೇಕು ಎಂದೆ. ಕಾರ್ಡುಗಳ ಡ್ರಾಯರಿನ ಕಡೆ ಗಲ್ಲ ತೋರಿಸಿ ತಮ್ಮ ಚಹಾಕ್ಕೆ ವಾಪಸಾದರು.

ಇತಿಹಾಸದ ಸಾಲಿನಲ್ಲಿ ಯುರೋಪಿನ ರಾಜರು ಗೋಡೆ ತುಂಬ ಇದ್ದಾರೆ. ಚೀನಾ, ಜಪಾನ್, ಕೊರಿಯಾ ಮೂರಕ್ಕೂ ಸೇರಿ ಕೆಳಗಿನ ಒಂದು ಹಲಗೆ, ಅದೂ ಅರ್ಧ ಖಾಲಿ. ನೆಲದ ಮೇಲೆ ಕೂತು ಒಂದೊಂದನ್ನೇ ತೆಗೆದೆ. ಎಲ್ಲವೂ ಪಠ್ಯಪುಸ್ತಕ. ಒಂದರಲ್ಲಿ ನಿಮ್ಮ ಬರಗಾಲಕ್ಕೆ ಒಂದು ಸಾಲು ಸಿಕ್ಕಿತು, ಅಧಿಕಾರಿಗೆ ಅದೂ ಇಲ್ಲ. ಶನಿವಾರ ಬಸ್ಸು ಹತ್ತಿ ಇನ್ನೊಂದು ಕಾಲೇಜಿಗೆ ಹೋದೆ. ಅಲ್ಲಿಯೂ ಅದೇ ಪುಸ್ತಕಗಳು, ರಟ್ಟಿನ ಬಣ್ಣ ಮಾತ್ರ ಬೇರೆ.

ಅಪ್ಪ, ಒಂದು ಮಾತು ಕೇಳುತ್ತೇನೆ, ಬೈಯಬೇಡಿ. ಈ ಕಥೆಯನ್ನು ನೀವು ಓದಿದ್ದು ಎಲ್ಲಿ? ಅದನ್ನು ಹೇಳಿದರೆ ಅಲ್ಲಿಂದ ಹಿಂದಕ್ಕೆ ಹೋಗಬಹುದು.

ಕಣ್ಣಿನ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ದೊಡ್ಡಪ್ಪನ ಕಾಲ ಬೇರೆ, ಈಗಿನ ಕಾಲ ಬೇರೆ. ನಿಮ್ಮ ಅಕ್ಷರ ಈ ಸಲ ಗೆರೆ ಬಿಟ್ಟು ಏರುತ್ತಾ ಹೋಗಿದೆ. ಬೇರೆ ವೈದ್ಯರಿಗಾದರೂ ಒಮ್ಮೆ ತೋರಿಸಿ.

ನಿಮ್ಮ
ಮರಿ


ಜುಲೈ ೪

ಮರಿ,

ನೀನು ಕಾರ್ಡಿನ ಡ್ರಾಯರಿನಲ್ಲಿ 'ಚೀನಾ, ಬರಗಾಲ, ಅಧಿಕಾರಿ' ಎಂದು ಹುಡುಕಿದ್ದೀಯ. ಹಾಗೆ ಸಿಗುವುದಿಲ್ಲ. ಘಟನೆಯನ್ನು ಹುಡುಕಬೇಡ, ಅಲ್ಲಿ ಇದ್ದಿರಬಹುದಾದ ಮನುಷ್ಯರನ್ನು ಹುಡುಕು. ಆ ಕಾಲದಲ್ಲಿ ಆ ಸೀಮೆಗೆ ಹೋಗಿ ಇಂಗ್ಲಿಷಿನಲ್ಲಿ ಬರೆಯಬಲ್ಲವರು ಯಾರಿದ್ದರು? ಪಾದ್ರಿ ಇದ್ದ. ಅವನು ವರ್ಷಕ್ಕೊಮ್ಮೆ ತನ್ನ ಸಂಸ್ಥೆಗೆ ವರದಿ ಒಪ್ಪಿಸಬೇಕು. ಅದು ಲೈಬ್ರರಿಯಲ್ಲಿ ಧರ್ಮದ ಕೆಳಗೆ ಕೂತಿರುತ್ತದೆ. ಬಂದರಿನ ರಾಯಭಾರ ಕಚೇರಿಯವನು ಬರೆದದ್ದು ವಾಣಿಜ್ಯದ ಕೆಳಗೆ. ಊರೂರು ಅಲೆದವನ ಪುಸ್ತಕ ಭೂಗೋಳದ ಕೆಳಗೆ. ವೈದ್ಯ ಇದ್ದಿರಬಹುದು, ಹಡಗಿನ ಕ್ಯಾಪ್ಟನ್ ಇದ್ದಿರಬಹುದು, ವ್ಯಾಪಾರಿಯ ಹೆಂಡತಿ ತಂಗಿಗೆ ಪತ್ರ ಬರೆದಿರಬಹುದು. ಇವರಲ್ಲಿ ಒಬ್ಬರೂ ಇತಿಹಾಸದ ಕಪಾಟಿನಲ್ಲಿ ಸಿಗುವವರಲ್ಲ.

ಪುಸ್ತಕ ಕೈಗೆ ಬಂದರೆ ಮೊದಲು ಪೀಠಿಕೆ ಓದು, ಆಮೇಲೆ ಅಡಿಟಿಪ್ಪಣಿ, ಕಥೆಯನ್ನು ಕೊನೆಗೆ ಓದು. ಇದನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳಿ ಹೇಳಿ ಬಾಯಿ ಒಣಗಿತ್ತು. ಒಬ್ಬನಾದರೂ ಕೇಳಿದ್ದರೆ ಕೇಳಬೇಕು.

ನಾನು ಎಲ್ಲಿ ಓದಿದೆ ಎಂದು ಕೇಳಿದ್ದೀಯ. ನಾನು ಓದುವಾಗ ನಮಗಿದ್ದ ಪಠ್ಯದಲ್ಲಿ. ಆ ಪುಸ್ತಕ ಈಗ ಎಲ್ಲೂ ಇಲ್ಲ. ಅದರ ಕರ್ತೃ ಎಲ್ಲಿ ಓದಿದನೋ ನನಗೆ ಗೊತ್ತಿಲ್ಲ. ಬೈಯುವುದಿಲ್ಲ, ಸರಿಯಾದ ಪ್ರಶ್ನೆಯನ್ನೇ ಕೇಳಿದ್ದೀಯ.

ಅಕ್ಷರ ಏರಿದರೆ ಏರಲಿ, ನಿನ್ನ ಕಣ್ಣು ಚೆನ್ನಾಗಿದೆಯಲ್ಲ.

ಅಪ್ಪ


ಜುಲೈ ೨೯

ಅಪ್ಪ,

ಸಿಕ್ಕಿತು. ಒಂದಲ್ಲ, ಮೂರು ಕಡೆ.

ಹಳೆಯ ಊರಿನ ಕಡೆಯ ಕಾಲೇಜೊಂದರಲ್ಲಿ, ಭೂಗೋಳದ ಸಾಲಿನ ತೀರಾ ಮೇಲೆ, ಏಣಿ ಹತ್ತಿದರಷ್ಟೇ ಕೈಗೆ ಸಿಗುವ ಒಂದು ಪ್ರವಾಸದ ಪುಸ್ತಕ. ನಿಮ್ಮ ಅಧಿಕಾರಿ ಅದರಲ್ಲಿ ನಿಲುವಂಗಿ ತೊಟ್ಟು ಕೂತಿದ್ದಾನೆ. ಅಲ್ಲೇ ಧರ್ಮದ ಸಾಲಿನಲ್ಲಿ ಪಾದ್ರಿಗಳ ಸಂಸ್ಥೆಯೊಂದರ ಚರಿತ್ರೆ. ಅದರಲ್ಲೂ ಕೂತಿದ್ದಾನೆ. ವಾಣಿಜ್ಯದ ಕೆಳಗೆ, ನೀವು ಹೇಳಿದ ಹಾಗೆಯೇ, ಆ ಸೀಮೆಯ ವ್ಯಾಪಾರದ ಕೈಪಿಡಿ. ಧಾನ್ಯದ ಬೆಲೆ ಬರೆಯುತ್ತಾ ಬರೆಯುತ್ತಾ ಅವನೂ ಈ ಕಥೆಯನ್ನು ಎತ್ತಿದ್ದಾನೆ. ಮೂವರೂ ಮೊಹರು ಒಡೆದದ್ದನ್ನು ಬರೆದಿದ್ದಾರೆ, ಕುರ್ಚಿ ಬರೆದಿದ್ದಾರೆ, ಗುಬ್ಬಿಯನ್ನೂ ಬಿಟ್ಟಿಲ್ಲ.

ಏಣಿಯ ಮೇಲೆ ನಿಂತೇ ನಕ್ಕುಬಿಟ್ಟೆ. ಕೆಳಗಿದ್ದವರು ಬೀಳುತ್ತಾಳೆ ಎಂದು ಏಣಿ ಹಿಡಿದರು. ನಾವು ಲ್ಯಾಬಿನಲ್ಲಿ ಒಂದೇ ಅಳತೆ ಮೂರು ಸಲ ಬಂದರೆ ಸರಿ ಎಂದು ಬರೆದುಕೊಳ್ಳುತ್ತೇವೆ. ಇಲ್ಲಿ ಮೂರು ಬೇರೆ ಬೇರೆ ಜನ. ಮೂರನ್ನೂ ನಕಲು ಮಾಡಿ ಇದರ ಜೊತೆ ಇಟ್ಟಿದ್ದೇನೆ, ಇಂಗ್ಲಿಷ್ ಬಾರದ ಅಮ್ಮ ನಿಮಗೆ ಓದಿ ಹೇಳಲೆಂದು ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ.

ನಿಮ್ಮ ಆ ಪ್ರೊಫೆಸರ್ ಇನ್ನು ಕಿಟಕಿಗೆ ತಲೆ ಚಚ್ಚಿಕೊಳ್ಳಲಿ.

ಮರಿ


ಆಗಸ್ಟ್ ೫

ಮರಿ,

ನಾನು ಹೇಳುತ್ತಿದ್ದೇನೆ, ನಿನ್ನ ಅಮ್ಮ ಬರೆಯುತ್ತಿದ್ದಾಳೆ. ಎಡಗಣ್ಣೂ ಕೈ ಕೊಟ್ಟಿತು. ಗೆರೆಯೂ ಕಾಣುವುದಿಲ್ಲ, ಹಾಳೆಯೂ ಕಾಣುವುದಿಲ್ಲ. (ಬಾಗಿಲೂ ಕಾಣೋದಿಲ್ಲ. ನಿನ್ನೆ ಚೌಕಟ್ಟಿಗೆ ಹಣೆ ಬಡಿಸಿಕೊಂಡರು. ಇದನ್ನು ಬರೀಬೇಡ ಅಂದ್ರು, ಬರೆದೆ.)

ನೀನು ನನ್ನ ಮಾನ ಉಳಿಸಿದೆ. ನಕಲುಗಳನ್ನು ನಿನ್ನ ಅಮ್ಮನಿಂದ ಮತ್ತೆ ಮತ್ತೆ ಓದಿಸಿಕೊಂಡೆ. (ಅಂಗಡಿಯಲ್ಲಿ ಹೊಲಿಯೋ ಬಟ್ಟೆ ಹಾಗೇ ಬಿದ್ದಿದೆ.) ಅಂದೇ ಸಂಪಾದಕರಿಗೆ ಉತ್ತರ ಬರೆಸಿ ಕಳಿಸಿದೆ. ಆಧಾರ ಎಲ್ಲೂ ಕಾಣುವುದಿಲ್ಲ ಎಂದವರು ಎಲ್ಲಿ ನೋಡಿದರೋ ತಿಳಿಯದು, ನನ್ನ ಬಳಿ ಮೂವರು ಸಾಕ್ಷಿಗಳಿದ್ದಾರೆ, ಪ್ರವಾಸಿ ಒಬ್ಬ, ಪಾದ್ರಿ ಒಬ್ಬ, ವ್ಯಾಪಾರಿ ಒಬ್ಬ, ಎಂದು ಬರೆಸಿದೆ. ಕೊನೆಗೆ ಒಂದು ಚುಚ್ಚು ಮಾತೂ ಸೇರಿಸಿದೆ. (ಒಂದಲ್ಲ. ಎರಡನ್ನು ನಾನೇ ಬಿಟ್ಟುಬಿಟ್ಟೆ, ಇವರಿಗೆ ಗೊತ್ತಿಲ್ಲ.)

ಸಂಜೆ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಪಕ್ಕದ ಮನೆಯವರಿಗೆ ಆ ಕಥೆ ಹೇಳಿದೆ. ದನಿ ಹಾಗೇ ಇದೆ.

ಅಪ್ಪ
(ಮತ್ತು ಬರೆದು ಬರೆದು ಬೆರಳು ನೋಯಿಸಿಕೊಂಡ ಅಮ್ಮ)


ಆಗಸ್ಟ್ ೨೪

ಅಪ್ಪ, ಅಮ್ಮ,

ಇದನ್ನು ಹೇಗೆ ಬರೆಯುವುದೋ ಗೊತ್ತಾಗುತ್ತಿಲ್ಲ, ನೇರವಾಗಿ ಬರೆಯುತ್ತೇನೆ. ಆ ಉತ್ತರವನ್ನು ವಾಪಸು ತರಿಸಿಕೊಳ್ಳಿ.

ಗುಬ್ಬಿ ನನ್ನನ್ನು ಕಾಡಲು ಶುರು ಮಾಡಿತು. ಪ್ರವಾಸಿ, ಪಾದ್ರಿ, ವ್ಯಾಪಾರಿ ಮೂವರೂ ಮೂರು ದಿಕ್ಕಿನಿಂದ ನೋಡಿದ್ದರೆ ಒಬ್ಬನಾದರೂ ಗುಬ್ಬಿಯನ್ನು ಬಿಡಬೇಕಿತ್ತು. ನೀವು ಪೀಠಿಕೆ ಮೊದಲು ಓದು ಎಂದಿದ್ದಿರಿ. ನಾನು ಸಂತೋಷದಲ್ಲಿ ಕಥೆಯನ್ನೇ ಮೊದಲು ಓದಿದೆ, ಪೀಠಿಕೆಯನ್ನು ಓದಲೇ ಇಲ್ಲ. ಮತ್ತೆ ಬಸ್ಸು ಹತ್ತಿ ಹೋಗಿ ಓದಿದೆ. ಪಾದ್ರಿಗಳ ಚರಿತ್ರೆ ಬರೆದವನು ಆ ಭಾಗವನ್ನು ಪ್ರವಾಸದ ಪುಸ್ತಕದಿಂದ ತೆಗೆದುಕೊಂಡದ್ದಾಗಿ ಸಣ್ಣ ಅಕ್ಷರದಲ್ಲಿ ಹೇಳಿದ್ದಾನೆ. ಕೈಪಿಡಿಯವನು ಪಾದ್ರಿಯಿಂದ ತೆಗೆದುಕೊಂಡಿದ್ದಾನೆ. ಇನ್ನು ಆ ಪ್ರವಾಸಿ. ಅವನ ಪೀಠಿಕೆಯ ಪ್ರಕಾರ ಅವನು ಬಂದರು ಬಿಟ್ಟು ಒಳನಾಡಿಗೆ ಹೋಗಲೇ ಇಲ್ಲ, ಜ್ವರ ಬಂದು ಮಲಗಿದ್ದ. ಒಳನಾಡಿನ ಸಂಗತಿಗಳನ್ನೆಲ್ಲ ಹಡಗಿನಲ್ಲಿ ಊಟದ ಮೇಜಿನ ಸುತ್ತ ಕೂತವರಿಂದ ಕೇಳಿದನಂತೆ.

ಮೂರು ಸಾಕ್ಷಿಗಳಲ್ಲ ಅಪ್ಪ, ಒಬ್ಬನೇ. ಆ ಒಬ್ಬನೂ ಕಂಡವನಲ್ಲ. ತೂಕ ತಪ್ಪಿದ ತಕ್ಕಡಿಯಲ್ಲಿ ಮೂರು ಸಲ ತೂಗಿ ಸರಿಯಾಗಿದೆ ಎಂದೆ. ನನ್ನ ವಿದ್ಯಾರ್ಥಿ ಹೀಗೆ ಮಾಡಿದ್ದರೆ ಕಿವಿ ಹಿಂಡುತ್ತಿದ್ದೆ.

ಎರಡು ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಹಾಸ್ಟೆಲಿನ ಕೋಣೆಯಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ಸುತ್ತುತ್ತಿದ್ದೇನೆ. ಅಚ್ಚಾಗಿಬಿಟ್ಟಿದೆಯೋ?

ಮರಿ


ಸೆಪ್ಟೆಂಬರ್ ೧

ಮರಿ,

ಅಚ್ಚಾಗಿಲ್ಲ. ವಾಪಸು ತರಿಸಿದೆ.

ತಪ್ಪು ನಿನ್ನದಲ್ಲ. ಪೀಠಿಕೆ ಓದಿದೆಯಾ ಎಂದು ನಾನು ಕೇಳಬೇಕಿತ್ತು, ಕೇಳಲಿಲ್ಲ. ಸಂಪಾದಕರು ನವೆಂಬರ್ ಕೊನೆಯವರೆಗೆ ಜಾಗ ಇಟ್ಟಿರುತ್ತಾರಂತೆ. ಆಮೇಲೆ ಅವನ ಲೇಖನ ಇದ್ದಂತೆಯೇ ಹೋಗುತ್ತದೆ. ಹೋಗಲಿ ಬಿಡು ಎನ್ನೋಣವೆಂದರೆ ಮನಸ್ಸು ಒಪ್ಪುತ್ತಿಲ್ಲ. ನಾನು ಕೊಟ್ಟ ಪಟ್ಟಿಯಲ್ಲಿ ವೈದ್ಯ ಇನ್ನೂ ಉಳಿದಿದ್ದಾನೆ, ಅವನನ್ನು ನೀನು ನೋಡಿಲ್ಲ.

ಅಪ್ಪ

(ಇಷ್ಟೇ ಹೇಳಿದ್ದು. ಮುಂದಿನದು ನನ್ನದು. ಇವರು ಅಂಗಳದ ಕುರ್ಚಿ ಒಳಗೆ ತಂದು ಗೋಡೆಗೆ ಒರಗಿಸಿ ಇಟ್ಟುಬಿಟ್ಟಿದ್ದಾರೆ. ಅದರ ಮೇಲೆ ಕೂರೋದಿಲ್ಲ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ, ಗೋಡೆ ಸವರಿಕೊಂಡು ನಡೀತಾರೆ. ಕಥೆ ಹೇಳಿ ಅಂತ ಪಕ್ಕದ ಮನೆಯವಳು ಕೇಳಿದರೆ, "ಯಾವ ಕಥೆ?" ಅಂದ್ರು. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಅಂದ್ರೆ, ಯಾತಕ್ಕೆ, ನೋಡೋಕೆ ಏನಿದೆ ಅಂತಾರೆ. ನನಗೆ ಭಯ ಆಗ್ತಿದೆ ಮರಿ. ಅಮ್ಮ.)


ಅಕ್ಟೋಬರ್ ೧೧

ಅಮ್ಮ,

ಇದನ್ನು ಅಂಗಡಿಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಅಪ್ಪನಿಗೆ ಓದಿ ಹೇಳಬೇಡ. ಮೊದಲು ನೀನು ಪೂರ್ತಿ ಓದು.

ವೈದ್ಯ ಸಿಕ್ಕಿದ.

ಮೆಡಿಕಲ್ ಕಾಲೇಜಿನ ಲೈಬ್ರರಿಯ ನೆಲಮಾಳಿಗೆಯಲ್ಲಿ ಸಿಕ್ಕಿದ. ನಮ್ಮ ಪ್ರಿನ್ಸಿಪಾಲರಿಂದ ಚೀಟಿ ಬರೆಸಿಕೊಂಡು ಹೋದೆ. ಬೇಡವಾದ ಆಸ್ಪತ್ರೆ ವರದಿಗಳನ್ನೆಲ್ಲ ಅಲ್ಲಿ ದಾರದಿಂದ ಕಟ್ಟಿ ಪೇರಿಸಿಟ್ಟಿದ್ದಾರೆ. ಯಾವ ದೇಶದ್ದು ಯಾವ ಕಟ್ಟಿನಲ್ಲಿದೆ ಎನ್ನುವುದು ಅಲ್ಲಿಯವರಿಗೇ ಗೊತ್ತಿಲ್ಲ. ನಾಲ್ಕು ಭಾನುವಾರ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಟ್ಟು ಬಿಚ್ಚಿದೆ, ಕಟ್ಟಿದೆ. ಕೊನೆಗೆ ಆ ನದಿಯ ಊರಿನ ಹೆಸರು ರಟ್ಟಿನ ಮೇಲೇ ಕಂಡಿತು. ಪಾದ್ರಿಗಳ ಆಸ್ಪತ್ರೆ, ವರ್ಷಕ್ಕೊಂದು ವರದಿ. ಈ ಸಲ ಪೀಠಿಕೆಯನ್ನೇ ಮೊದಲು ಓದಿದೆ.

ಬರಗಾಲ ಮುಗಿದು ಎಷ್ಟೋ ವರ್ಷದ ಮೇಲೆ ಈ ವೈದ್ಯ ಅಲ್ಲಿಗೆ ಹೋದವನು. ಕಣ್ಣಿನ ಪೊರೆ ತೆಗೆಯುವುದು ಅವನ ಮುಖ್ಯ ಕೆಲಸ. ಒಂದು ದಿನ ಒಬ್ಬ ಮುದುಕ ಕೋಲು ಊರಿಕೊಂಡು ಬಂದ. ಇವರೇ ಆ ಬರಗಾಲದ ಅಧಿಕಾರಿ ಎಂದು ಆಸ್ಪತ್ರೆಯವರು ಪಿಸುಗುಟ್ಟಿದರು. ಹೌದಮ್ಮ, ತಲೆ ಕಡಿದಿರಲಿಲ್ಲ. ಕಣ್ಣು ಕಟ್ಟಿಕೊಂಡು ಮಲಗಿದ್ದಾಗ ಅವನು ಹೇಳಿದ್ದನ್ನು ವೈದ್ಯ ವರದಿಯಲ್ಲಿ ಹಾಗೇ ಬರೆದಿದ್ದಾನೆ. ನಾನು ಕನ್ನಡದಲ್ಲಿ ಹೇಳುತ್ತೇನೆ:

'ಮೊಹರು ಒಡೆದದ್ದು ನಿಜ. ಬಾಗಿಲು ತೆಗೆದಾಗ ತೊಲೆಗಳ ಮೇಲಿಂದ ಗುಬ್ಬಿಗಳು ಹಾರಿ ಹೊರಗೆ ಹೋದವು. ಒಳಗೆ ಬೇರೆ ಏನೂ ಇರಲಿಲ್ಲ. ನನಗಿಂತ ಹಿಂದಿನವರು ಮಾರಿಕೊಂಡು ತುಂಬಿದೆ ಎಂದು ರುಜು ಹಾಕಿದ್ದರು. ನಾನೂ ಅಧಿಕಾರ ವಹಿಸಿಕೊಂಡ ದಿನ ಬಾಗಿಲು ತೆಗೆಸಿ ನೋಡದೆ ರುಜು ಹಾಕಿದ್ದೆ. ಹೊರಗೆ ಊರೆಲ್ಲ ಬುಟ್ಟಿ ಹಿಡಿದು ನಿಂತಿತ್ತು. ಖಾಲಿ ಎಂದು ಹೇಳಲು ನಾಲಗೆ ಏಳಲಿಲ್ಲ. ಬಾಗಿಲನ್ನು ಹಾಗೇ ತೆರೆದಿಟ್ಟು ಅಂಗಳದಲ್ಲಿ ಕೂತೆ. ಒಬ್ಬೊಬ್ಬರೇ ಬಂದು ಒಳಗೆ ಇಣುಕಿ ನೋಡಿದರು. ಹೊಡೆದು ಕೊಲ್ಲುತ್ತಾರೆ ಎಂದುಕೊಂಡೆ. ಯಾರೂ ಹೊಡೆಯಲಿಲ್ಲ. ಒಬ್ಬ ಮುದುಕಿ ತನ್ನ ಬಟ್ಟಲಲ್ಲಿದ್ದ ಗಂಜಿಯಲ್ಲಿ ಅರ್ಧ ನನ್ನ ಮುಂದೆ ಇಟ್ಟಳು. ಆಮೇಲೆ ಎದ್ದು, ಮೇಲಿನ ಊರುಗಳಿಗೆ ನಡೆದು ಹೋಗಿ ಮನೆ ಮನೆ ಬೇಡಿ ದೋಣಿಯಲ್ಲಿ ಧಾನ್ಯ ತಂದೆ. ಎಲ್ಲರಿಗೂ ಸಾಲಲಿಲ್ಲ. ಮೊಹರು ಒಡೆದದ್ದಕ್ಕೆ ಕೆಲಸ ಹೋಯಿತು. ಬಂದರಿನ ಕಡೆ ನನ್ನ ತಲೆ ಕಡಿದರು ಎಂದು ಹೇಳುತ್ತಾರಂತೆ. ತಲೆ ಹೋಗಿದ್ದರೆ ಕಥೆ ಚೆನ್ನಾಗಿಯೇ ಇರುತ್ತಿತ್ತು.'

ಅಮ್ಮ, ಅಪ್ಪ ಜೀವಮಾನವೆಲ್ಲ ತುಂಬಿದ ಕಣಜದ ಕಥೆ ಹೇಳಿದವರು. ಊರಿಗೆಲ್ಲ ಹಂಚಿದ ಎನ್ನುವಾಗ ಅವರ ಕೈ ಹೇಗೆ ಅಗಲವಾಗುತ್ತಿತ್ತು ಎಂದು ನಿನಗೂ ಗೊತ್ತು. ಈಗ ಈ ಕತ್ತಲೆಯಲ್ಲಿ ಕೂತಿರುವವರಿಗೆ, ಅದು ಖಾಲಿ ಇತ್ತು, ನಿಮ್ಮ ಅಧಿಕಾರಿ ನೋಡದೆ ರುಜು ಹಾಕಿದವನು ಎಂದು ನಾನು ಹೇಗೆ ಹೇಳಲಿ? ಏನೂ ಸಿಗಲಿಲ್ಲ ಎಂದು ಬರೆದುಬಿಡುತ್ತೇನೆ. ಅವರ ಕಥೆ ಅವರಿಗಿರಲಿ. ಪುಟದ ಜೆರಾಕ್ಸ್ ಮಾಡಿಸಿ ಇದರಲ್ಲಿ ಇಟ್ಟಿದ್ದೇನೆ, ನಾನೇ ಇಟ್ಟುಕೊಂಡರೆ ಹರಿದು ಹಾಕಿಬಿಡುತ್ತೇನೇನೋ ಎಂದು ಭಯ. ನೀನು ಎಲ್ಲಾದರೂ ಎತ್ತಿಡು.

ಮರಿ


ಅಕ್ಟೋಬರ್ ೧೭

ಮರಿ,

ಓದಿದೆ. ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಓದಿದೆ. ಆ ಮುದುಕಿ ಗಂಜಿ ಇಟ್ಟಳಲ್ಲ, ಅಲ್ಲಿಗೆ ಬಂದಾಗ ಅತ್ತುಬಿಟ್ಟೆ. ಅಳತೆ ಕೊಡೋಕೆ ಬಂದವಳು ಯಾರಾದ್ರೂ ಹೋಗಿಬಿಟ್ರಾ ಅಂತ ಗಾಬರಿಯಾದಳು.

ನಿಮ್ಮಪ್ಪನಿಗೆ ಓದಿ ಹೇಳಲಿಲ್ಲ. ಆದರೆ ಏನೂ ಸಿಗಲಿಲ್ಲ ಅಂತ ಸುಳ್ಳು ಹೇಳೋಕೂ ನನ್ನ ಕೈಲಿ ಆಗಲ್ಲ. ಊಟಕ್ಕೆ ಕೂತಾಗ ಹೇಳಿದೆ, "ನಿಮ್ಮ ಮಗಳಿಗೆ ಆ ವೈದ್ಯ ಸಿಕ್ಕಿದಾನೆ. ಇಂಗ್ಲಿಷ್ ಪುಟ ಬಂದಿದೆ. ಮನೇಲಿರೋ ಹೊಲಿಗೆ ಮಿಷನ್ನಿನ ಡ್ರಾಯರಲ್ಲಿದೆ. ಬೀಗದ ಕೈ ನನ್ನ ಹತ್ರ ಇದೆ."

ತುತ್ತು ಅಲ್ಲೇ ನಿಂತಿತು. "ಓದಿಸು, ಯಾರನ್ನಾದ್ರೂ ಕರಿ" ಅಂದ್ರು.

"ಯಾರನ್ನೂ ಕರೆಯೋಲ್ಲ" ಅಂದೆ. "ಮೂರು ಜನದ ಬಾಯಿ ದಾಟಿ ಬಂದದ್ದಕ್ಕೇ ಮಾನ ಹೋಗ್ತಿತ್ತು. ಇನ್ನೊಬ್ಬರು ಓದಿ ಹೇಳಿದ್ದು ಮೂಲ ಅಲ್ಲ ಅಂತ ನೀವೇ ಹೇಳ್ತಿದ್ರಿ. ಬೇಕಾದ್ರೆ ನಿಮ್ಮ ಕಣ್ಣಲ್ಲಿ ಓದಿ. ಕಣ್ಣಿಲ್ಲ ಅಂದ್ರೆ ಮಾಡಿಸ್ಕೊಳ್ಳಿ."

ಎರಡು ದಿನ ಆ ಮಿಷನ್ನಿನ ಸುತ್ತಲೇ ಗೋಡೆ ಸವರಿಕೊಂಡು ಓಡಾಡಿದ್ರು. ಒಂದು ಸಲ ಡ್ರಾಯರ್ ಜಗ್ಗಿ ನೋಡಿದ ಸದ್ದು ಕೇಳಿಸ್ತು, ನಾನು ಕೇಳಿಸದ ಹಾಗೆ ಇದ್ದೆ. ನಿನ್ನೆ ಬೆಳಿಗ್ಗೆ, "ಆ ಕಣ್ಣಿನ ಡಾಕ್ಟರು ಯಾವ ವಾರ ಇರ್ತಾರೆ?" ಅಂದ್ರು.

ಅಮ್ಮ


ಅಕ್ಟೋಬರ್ ೨೩

ಅಮ್ಮ,

ನೀನು ಏನು ಮಾಡಿಬಿಟ್ಟೆ. ಕಣ್ಣಿಗೆ ಒಪ್ಪಿದರು ಎಂದು ಸಂತೋಷಪಡಬೇಕೋ, ಯಾವ ಪುಟಕ್ಕೆ ಆಸೆಪಟ್ಟು ಒಪ್ಪಿದರು ಎಂದು ಅಳಬೇಕೋ ತಿಳಿಯುತ್ತಿಲ್ಲ. ಹೆದರುವ ಮನುಷ್ಯ ಕತ್ತಿಗೆ ಕಣ್ಣು ಒಡ್ಡುತ್ತಾರೆ, ಪಟ್ಟಿ ಬಿಚ್ಚಿದ ಮೇಲೆ ಅವರು ಮೊದಲು ಓದುವುದು ತಮ್ಮ ಕಥೆ ಸುಳ್ಳು ಎಂದು. ಆ ಪುಟವನ್ನು ಹುಡುಕಿದವಳು ನಾನು. ತರಗತಿಯಲ್ಲಿ ಆಸಿಡ್ ಬಾಟಲಿ ಕೈಯಲ್ಲಿ ಹಿಡಿದು ಏನು ಮಾಡಲು ಎತ್ತಿಕೊಂಡೆ ಎಂಬುದೇ ಮರೆತು ನಿಂತಿದ್ದೆ.

ಆಪರೇಷನ್ ಆಗಲಿ. ಪುಟ ಕೊಡಬೇಡ. ಇಲಿ ತಿಂತು ಅಂತ ಹೇಳು, ಕಳೆದುಹೋಯ್ತು ಅಂತ ಹೇಳು. ನಿನ್ನ ಕಾಲಿಗೆ ಬೀಳುತ್ತೇನೆ.

ರಜ ಸಿಕ್ಕುತ್ತಿಲ್ಲ, ಪರೀಕ್ಷೆಗಳಿವೆ. ಏನಾಯಿತು ಎಂದು ಕೂಡಲೇ ಬರಿ.

ಮರಿ


ನವೆಂಬರ್ ೭

ಮರಿ,

ಬಲಗಣ್ಣಿಗೆ ಆಯಿತು. ಕೈ ಹಿಡಿದುಕೊಂಡೇ ಇರು ಅಂದ್ರು, ಬಾಗಿಲ ತನಕ ಹಿಡಿದುಕೊಂಡಿದ್ದೆ. ಪಟ್ಟಿ ಇನ್ನೂ ಬಿಚ್ಚಿಲ್ಲ. ಬೀಗದ ಕೈ ನನ್ನ ಕೊರಳ ಸರದಲ್ಲೇ ಇದೆ. ನೀನು ಹೇಳಿದ್ದನ್ನು ಯೋಚನೆ ಮಾಡ್ತಿದೀನಿ.

ಅಮ್ಮ


ನವೆಂಬರ್ ೨೮

ಮರಿ,

ಈ ಪತ್ರ ನನ್ನ ಕೈಯದು. ಗೆರೆ ನೋಡು, ಸ್ಕೇಲ್ ಇಟ್ಟ ಹಾಗಿದೆ.

ಹೊಸ ಕನ್ನಡಕ ಸೋಮವಾರ ಬಂತು. ನಿನ್ನ ಅಮ್ಮ ಸರ ತೆಗೆದು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಅಂಗಡಿಗೆ ಹೊರಟುಹೋದಳು. ಡ್ರಾಯರ್ ನಾನೇ ತೆಗೆದೆ. ಪುಟ ಮೇಲೆ ಇತ್ತು, ಅದರ ಕೆಳಗೆ ನೀನು ಅವಳಿಗೆ ಬರೆದ ಎರಡು ಪತ್ರಗಳು. ಅವುಗಳನ್ನೂ ಬೇಕೆಂದೇ ಇಟ್ಟಿದ್ದಳು, ನಿನ್ನ ಅಮ್ಮ ಯಾವುದನ್ನೂ ಮರೆತು ಇಡುವವಳಲ್ಲ.

ವೈದ್ಯನನ್ನು ಮೊದಲು ಓದಿದೆ. 'ಒಳಗೆ ಬೇರೆ ಏನೂ ಇರಲಿಲ್ಲ' ಎನ್ನುವಲ್ಲಿ ಕನ್ನಡಕ ತೆಗೆದು ಪಕ್ಕಕ್ಕಿಟ್ಟದ್ದು ನಿಜ, ನಿನ್ನ ಮುಂದೆ ಏಕೆ ಮುಚ್ಚಿಡಲಿ. ಕುರ್ಚಿ ಹುಡುಕಿ ಕೂತೆ. ನಾನೂ ಅಷ್ಟು ವರ್ಷ ಬಾಗಿಲು ತೆಗೆಯದೆ ತುಂಬಿದೆ ಎಂದು ರುಜು ಹಾಕಿದವನೇ. ಆ ಹಿಂದಿನ ಬೆಂಚಿನವನು ಬಂದು, ಸಾರ್, ಒಳಗೆ ಏನಿದೆ ಎಂದು ಕೇಳಿದ. ಅದಕ್ಕೆ ಅವನನ್ನು ಬಾಯಿಗೆ ಬಂದ ಹಾಗೆ ಬೈದೆ.

ಆಮೇಲೆ ಮುಂದೆ ಓದಿದೆ. ಮತ್ತೆ ಮೊದಲಿಂದ ಓದಿದೆ. ಮರಿ, ನನ್ನ ಹಳೆಯ ಅಧಿಕಾರಿ ತಲೆ ಕೊಟ್ಟು ಪಾರಾದವನು. ಇವನು ಬದುಕಿ ಉಳಿದ. ಬುಟ್ಟಿ ಹಿಡಿದು ನಿಂತವರ ಮುಂದೆ ಖಾಲಿ ಬಾಗಿಲು ತೆರೆದಿಟ್ಟು ಕೂತ, ಆಮೇಲೆ ಎದ್ದು ಬೇಡಲು ಹೋದ. ಇಷ್ಟು ದೊಡ್ಡದನ್ನು ಬಿಟ್ಟು ನಾನು ಆ ಟೋಪಿಯ ಮೇಲಿನ ಗುಬ್ಬಿಯನ್ನು ಹಿಡಿದುಕೊಂಡು ಕೂತಿದ್ದೆ. ಸಂತೋಷಕ್ಕೋ ಏನೋ ಕಣ್ಣಲ್ಲಿ ನೀರು ಬಂತು, ಡಾಕ್ಟರು ಅಳಬಾರದು ಎಂದಿದ್ದರು ಎಂದು ತಲೆ ಮೇಲೆತ್ತಿ ಕೂತೆ.

ಪ್ರೊಫೆಸರಿಗೆ ಹೇಳಿ ಕಳಿಸಿದೆ, ನಿನ್ನೆ ಬಂದ. ತಲೆ ಬೆಳ್ಳಗಾಗಿದೆ. ಪುಟವನ್ನು ಅವನ ಕೈಗೆ ಕೊಟ್ಟೆ. ಅವನು ಪೀಠಿಕೆ ಎಲ್ಲಿ ಎಂದು ಕೇಳಿದ. ನಾನು ಹೇಳಿದ್ದನ್ನು ಒಬ್ಬನಾದರೂ ಕೇಳಿಸಿಕೊಂಡಿದ್ದ ಎಂದಾಯಿತು. ಓದಿ ಮುಗಿಸಿ, "ಸಾರ್, ನಿಮ್ಮ ಬಾಯಲ್ಲಿ ಒಂದು ಸಲ ಹೇಳಿ" ಅಂದ. ಕುರ್ಚಿಯನ್ನು ಅಂಗಳಕ್ಕೆ ಅವನೇ ಹೊತ್ತು ತಂದ. ಕೈ ಅಗಲ ಮಾಡುವ ಜಾಗ ಬಂದಾಗ ಏನು ಮಾಡುವುದೋ ತೋಚಲಿಲ್ಲ. ಅಂಗೈಗಳನ್ನು ಬಿಚ್ಚಿ ಮಂಡಿಯ ಮೇಲೆ ಇಟ್ಟುಕೊಂಡೆ. ನಿನ್ನ ಅಮ್ಮ ಸೂಜಿ ಹಿಡಿದವಳು ಹಾಗೇ ಬಾಗಿಲಲ್ಲಿ ನಿಂತು ಕೇಳಿದಳು. ಲೇಖನವನ್ನು ಇಬ್ಬರೂ ಸೇರಿ ತಿದ್ದಿ ಸಂಪಾದಕರಿಗೆ ಕೊಟ್ಟಿದ್ದೇವೆ.

ಒಂದು ಕೆಲಸ ಬಾಕಿ ಇದೆ. ವೈದ್ಯನಿಗೆ ಆ ಭಾಷೆ ಅಷ್ಟು ಬರುತ್ತಿರಲಿಲ್ಲ ಎಂದು ಅವನ ಪೀಠಿಕೆಯಲ್ಲೇ ಇದೆ ಎಂದು ನೀನು ಪುಟದ ಅಂಚಿಗೆ ಬರೆದಿದ್ದೀಯ. ಹಾಗಾದರೆ ಮುದುಕನ ಮಾತನ್ನು ಇಂಗ್ಲಿಷಿಗೆ ತಂದವರು ಯಾರು? ನಡುವೆ ಒಬ್ಬ ದುಭಾಷಿ ಇದ್ದಿರಲೇಬೇಕು. ಅವನು ಏನು ಸೇರಿಸಿದ, ಏನು ಬಿಟ್ಟ? ಹಿಂದಿನ ಮುಂದಿನ ವರ್ಷಗಳ ವರದಿಯಲ್ಲಿ ಆಸ್ಪತ್ರೆಯವರ ಹೆಸರುಗಳಿರುತ್ತವೆ, ನೋಡು. ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಎಡಗಣ್ಣಿಗೆ ಜನವರಿಯಲ್ಲಿ ದಿನ ಕೊಟ್ಟಿದ್ದಾರೆ, ನಾನೇ ಹೋಗಿ ಕೇಳಿ ಬಂದೆ.

ಕೊನೆಗೆ ನಿನ್ನ ಎರಡು ಪತ್ರಗಳ ವಿಷಯ. ಸಿಟ್ಟು ಬಂತು. ಆಮೇಲೆ, ನನ್ನ ಮುಂದೆ ಬಾಗಿಲು ತೆಗೆಯಲು ನೀನು ಎಷ್ಟು ಹೆದರಿದ್ದೆ ಎಂದು ನೆನೆದು ಸಂಕಟವಾಯಿತು. ಇನ್ನು ಮೇಲೆ ಹಾಗೆ ಮಾಡಬೇಡ. ಖಾಲಿ ಇದ್ದರೆ ಖಾಲಿ ಎಂದೇ ಬರಿ. ಓದಿಕೊಳ್ಳಲು ನನಗೆ ಕಣ್ಣಿದೆ.

ನಿನ್ನ
ಕಣಜದ ಮೇಷ್ಟ್ರು